ತಾಳೆಯಾದ ಲೆಕ್ಕ ಮತ್ತು ತೊಂಬತ್ತು ರೂಪಾಯಿ

ಕಳೆದ ಭಾನುವಾರ ನನ್ನ ತಮ್ಮನ ಮಗ ಕಾರವಾರದಿಂದ ಫೋನ್ ಮಾಡಿದ್ದ. ಅವನ ಮಗಳು ಈಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಳೆ. "ದೊಡ್ಡಪ್ಪ, ಈಗ ಲೆಕ್ಕವೆಲ್ಲ ಕಂಪ್ಯೂಟರೇ ಮಾಡ್ತದೆ. ಇವಳು ರಾತ್ರಿ ಹನ್ನೊಂದರ ತನಕ ಪಟ್ಟಿ ಗೆರೆ ಎಳೆದು ಎಳೆದು ಬರೀತಾಳೆ. ಇದರಿಂದ ಏನಾದರೂ ಪ್ರಯೋಜನ ಉಂಟಾ?" ಎಂಬುದು ಅವನ ಪ್ರಶ್ನೆ. ಫೋನಿನಲ್ಲಿ ಏನೋ ಒಂದು ಉತ್ತರ ಹೇಳಿ ಮುಗಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಈವರೆಗೆ ಈ ಪುಟದಲ್ಲಿ ಬರೆಯದ ಒಂದು ಸಂಗತಿಯನ್ನು ಬರೆಯಬೇಕಾಗುತ್ತದೆ. ಬರೆಯುತ್ತಿದ್ದೇನೆ.

ನನ್ನನ್ನು ಸಮಾಜ ವಿಜ್ಞಾನದ ಮಾಸ್ತರನೆಂದು ಬಲ್ಲ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ನಾನು ಬಿ.ಕಾಂ. ಓದಿದವನೆಂಬುದು ಗೊತ್ತಿರಲಾರದು. ಬಿ.ಎಡ್. ಅನಂತರದ ಮಾತು. ಅಂಕೋಲೆಯಲ್ಲಿಯೇ ದಿನಕರ ದೇಸಾಯಿಯವರ ಕೆನರಾ ವೆಲ್ಫೇರ್ ಟ್ರಸ್ಟ್ 1966ರಲ್ಲಿ, ಗೋಪಾಲಕೃಷ್ಣ ಗೋಖಲೆಯವರ ಜನ್ಮಶತಮಾನೋತ್ಸವದ ವರ್ಷ, ಗೋಖಲೆ ಸೆಂಟಿನರಿ ಕಾಲೇಜನ್ನು ತೆರೆದಿತ್ತು. ನನ್ನ ಓರಗೆಯ ಹೆಚ್ಚಿನ ಹುಡುಗರು ಅಲ್ಲಿಗೇ ಹೋದರು. ಅಪ್ಪನಿಗೆ ಮಾತ್ರ ನಾನು ಕಾಮರ್ಸ್ ಕಲಿಯಬೇಕು, ಕಾರವಾರಕ್ಕೇ ಹೋಗಬೇಕು ಎಂಬ ಹಟ. ಪೇಟೆಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಅದರ ಲೆಕ್ಕವನ್ನು ಇಂಗ್ಲಿಷ್ ಪದ್ಧತಿಯಲ್ಲಿ ಇಡಬಲ್ಲ ಮಗ ಬೇಕೆಂಬುದು ಅವರ ಆಸೆ. ಹೀಗಾಗಿ 1977ರಿಂದ ಮೂರು ವರ್ಷ ದಿನವೂ ಬಸ್ಸು. ಅವರ್ಸಾ, ಹಾರವಾಡ, ಅಮದಳ್ಳಿ, ಚೆಂಡಿಯಾ, ಅರ್ಗಾ, ಬಿಣಗಾ, ಘಟ್ಟ ಇಳಿದರೆ ಕಾರವಾರ. ಆ ಊರುಗಳ ಹೆಸರನ್ನು ನೆನಪಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತವೆ.

ಮೊದಲ ವರ್ಷವೇ ನನಗೊಂದು ದೊಡ್ಡ ಗೊಂದಲ. ಅಪ್ಪನ ಕಿರ್ದಿಯಲ್ಲಿ ಎಡಗಡೆ ಜಮಾ, ಬಲಗಡೆ ಖರ್ಚು. ಕಾಲೇಜಿನ ನಗದು ಪುಸ್ತಕದಲ್ಲಿ ಎಡಗಡೆ ಡೆಬಿಟ್, ಬಲಗಡೆ ಕ್ರೆಡಿಟ್. ಜಮಾ ಎಂದರೆ ಕ್ರೆಡಿಟ್ ಎಂದು ಗುರುಗಳು ಹೇಳುತ್ತಾರೆ. ಹಾಗಾದರೆ ಅಪ್ಪ ಇಷ್ಟು ವರ್ಷ ತಲೆಕೆಳಗಾಗಿ ಬರೆದರೇ? ತಿಂಗಳುಗಟ್ಟಲೆ ಇದು ಬಗೆಹರಿಯಲಿಲ್ಲ. ಕೊನೆಗೆ ಬಗೆಹರಿಸಿದವರು ಅಪ್ಪನೇ. ಬಂದ ಹಣ ಎರಡೂ ಪುಸ್ತಕಗಳಲ್ಲಿ ಎಡಗಡೆಯೇ ಇದೆ ನೋಡು, ಎಂದರು. ಕಿರ್ದಿಯಲ್ಲಿ ಜಮಾ ಎಂದರೆ ಹಣ ಕೊಟ್ಟವನ ಹೆಸರಿಗೆ ಜಮಾ. ಕಾಲೇಜಿನ ಪುಸ್ತಕದಲ್ಲಿ ಡೆಬಿಟ್ ಎಂದರೆ ನಗದು ಎಂಬ ಖಾತೆಗೆ ಡೆಬಿಟ್. ಒಂದು ಪುಸ್ತಕ ಮನುಷ್ಯನ ಕಡೆಯಿಂದ ಹೆಸರಿಡುತ್ತದೆ, ಇನ್ನೊಂದು ಪೆಟ್ಟಿಗೆಯ ಕಡೆಯಿಂದ, ವ್ಯವಹಾರ ಒಂದೇ. ಇಟಲಿಯ ಲುಕಾ ಪಾಚೋಲಿ 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚು ಹಾಕಿಸಿದ ಗಣಿತದ ಗ್ರಂಥದಲ್ಲಿ ಈ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸಿದನೆಂದು ಪುಸ್ತಕದಲ್ಲಿ ಓದುತ್ತಿದ್ದೆವು. ಏಳನೆಯ ಇಯತ್ತೆ ಕಲಿತ ಅಪ್ಪ ಅದನ್ನು ಬೆಲ್ಲದ ಡಬ್ಬಿಯ ಪಕ್ಕ ಕುಳಿತು ವಿವರಿಸಿದರು.

ಎರಡನೆಯ ವರ್ಷದ ಲೆಕ್ಕಶಾಸ್ತ್ರವೇ ಬೇರೆ. ಮೊದಲ ವರ್ಷದ್ದು ಅಕ್ಷರಾಭ್ಯಾಸ. ಎರಡನೆಯ ವರ್ಷದಲ್ಲಿ ಮನುಷ್ಯರು ಬರುತ್ತಾರೆ. ಮಾಲು ಕಳಿಸುವವನು, ಮಾರಿಕೊಡುವ ದಲಾಲಿ, ಜಗಳವಾಡಿ ಬೇರೆಯಾಗುವ ಪಾಲುದಾರರು, ದಿವಾಳಿಯೆದ್ದವನು, ಕಂತು ಕಟ್ಟಲಾಗದೆ ವಸ್ತು ಕಳೆದುಕೊಂಡವನು. ನಮ್ಮ ಪಠ್ಯಗಳಲ್ಲಿ ಅವರಿಗೆಲ್ಲ ಎಕ್ಸ್, ವೈ, ಝೆಡ್ ಎಂದೇ ಹೆಸರು. ಎಕ್ಸ್ ಕಲ್ಕತ್ತೆಯಿಂದ ನೂರು ಪೆಟ್ಟಿಗೆ ಸರಕನ್ನು ಮುಂಬಯಿಯ ವೈಗೆ ಕಳಿಸುತ್ತಿದ್ದ. ಪೆಟ್ಟಿಗೆಯಲ್ಲಿ ಏನಿತ್ತೋ ದೇವರಿಗೇ ಗೊತ್ತು.

ನಮ್ಮ ಊರಿನಲ್ಲಿ ಕರಿ ಇಶಾಡು ಮಾವಿನ ಬುಟ್ಟಿಗಳು ದಲಾಲಿಯ ಕೈಗೆ ಹೋಗುತ್ತಿದ್ದದ್ದು ಅದೇ ಪಾಠ ಎಂದು ನನಗೆ ಪರೀಕ್ಷೆ ಮುಗಿದ ಮೇಲೆ ಹೊಳೆಯಿತು. ನೋಡಿ: 18 ರೂಪಾಯಿಯ ನೂರು ಬುಟ್ಟಿ, 1,800, ಲಾರಿ ಬಾಡಿಗೆ 180, ಒಟ್ಟು 1,980. ದಾರಿಯಲ್ಲಿ ಹತ್ತು ಬುಟ್ಟಿ ಕೊಳೆತಿತು. ಮಾವಿನ ಹಣ್ಣಿನ ಸಹಜ ಗುಣದಿಂದ ಕೊಳೆತದ್ದಾದರೆ ಉಳಿದ ತೊಂಬತ್ತು ಬುಟ್ಟಿಗಳೇ ಆ ಭಾರ ಹೊರಬೇಕು, ಬುಟ್ಟಿಗೆ 22 ರೂಪಾಯಿ ಬೀಳುತ್ತದೆ. ಲಾರಿ ಎರಡು ದಿನ ಕೆಟ್ಟು ನಿಂತು ಕೊಳೆತದ್ದಾದರೆ ಬುಟ್ಟಿಗೆ 19 ರೂಪಾಯಿ 80 ಪೈಸೆಯೇ. 198 ರೂಪಾಯಿಯನ್ನು ಅಸಹಜ ನಷ್ಟವೆಂದು ಬೇರೆ ತೋರಿಸಬೇಕು. ಕೂಡುವ ಕಳೆಯುವ ಕೆಲಸ ಇಲ್ಲಿ ಐದು ನಿಮಿಷದ್ದು. ಯಾವ ನಷ್ಟ ಹಣ್ಣಿನದು, ಯಾವ ನಷ್ಟ ಮನುಷ್ಯನದು ಎಂದು ತೀರ್ಮಾನಿಸುವುದೇ ಪಾಠ. ಆ ತೀರ್ಮಾನವನ್ನು ಪ್ರಶ್ನೆಪತ್ರಿಕೆಯೇ ಮಾಡಿಕೊಟ್ಟಿರುತ್ತಿತ್ತು. ನಾವು ಕೂಡಿ ಕಳೆದು ಅಂಕ ಪಡೆಯುತ್ತಿದ್ದೆವು.

ಪಾಲುದಾರಿಕೆಯ ಪಾಠವೂ ಹಾಗೆಯೇ. ಇಂಗ್ಲೆಂಡಿನ ನ್ಯಾಯಾಲಯದ ನೂರಿಪ್ಪತ್ತು ವರ್ಷ ಹಳೆಯ ಗಾರ್ನರ್ ಮತ್ತು ಮರ್ರೆ ಮೊಕದ್ದಮೆಯನ್ನು ನಾವು ಬಾಯಿಪಾಠ ಮಾಡಿದ್ದೆವು: ಪಾಲುದಾರನೊಬ್ಬ ದಿವಾಳಿಯಾದರೆ ಅವನು ತುಂಬಬೇಕಾದ ಕೊರತೆಯನ್ನು ಉಳಿದವರು ಲಾಭ ಹಂಚಿಕೊಳ್ಳುವ ಪ್ರಮಾಣದಲ್ಲಲ್ಲ, ಬಂಡವಾಳದ ಪ್ರಮಾಣದಲ್ಲಿ ಹೊರಬೇಕು. ಇದು ನ್ಯಾಯವೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಕಾಲೇಜಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಕಡಲದಂಡೆಯಿತ್ತು. ರಂಪಣಿ ಬಲೆ ಎಳೆಯುವವರು ಆಗಲೂ ಇದ್ದರು. ಪರ್ಸೀನ್ ದೋಣಿಗಳು ಬಂದು ಅವರ ಕಾಲ ಮುಗಿಯುತ್ತಾ ಇತ್ತು. ಬಲೆಗೆ ಇಷ್ಟು ಪಾಲು, ದೋಣಿಗೆ ಇಷ್ಟು, ಎಳೆದ ಕೈಗಳಿಗೆ ಇಷ್ಟು ಎಂದು ಮರಳಿನ ಮೇಲೆ ಮೀನು ಹಂಚುತ್ತಿದ್ದ ಆ ಜನರನ್ನು ಕೇಳಿದ್ದರೆ ಗಾರ್ನರ್ ಮೊಕದ್ದಮೆಯ ಮೇಲೆ ಒಂದು ಗಂಟೆ ವಾದ ನಡೆಸುತ್ತಿದ್ದರೆಂದು ನನ್ನ ನಂಬಿಕೆ.

ಇನ್ನು ಬರೆಯಬೇಕಾದ ಸಂಗತಿಗೆ ಬರುತ್ತೇನೆ.

ಎರಡನೆಯ ವರ್ಷದ ಪರೀಕ್ಷೆಯಲ್ಲಿ ಲೆಕ್ಕಶಾಸ್ತ್ರದಲ್ಲಿ ನನಗೆ ಒಳ್ಳೆಯ ಅಂಕಗಳು ಬಂದವು. 1979ರ ಮಳೆಗಾಲದ ಆರಂಭ. ಆಗ ಸಹಕಾರಿ ಸಂಘಗಳ ವರ್ಷ ಜೂನ್ 30ಕ್ಕೆ ಮುಗಿಯುತ್ತಿತ್ತು. ನಮ್ಮ ತಾಲೂಕಿನ ಒಂದು ಸಣ್ಣ ಸಂಘದವರು, ಅದರ ಹೆಸರು ಇಲ್ಲಿ ಬೇಡ, ವರ್ಷಾಂತ್ಯದ ಲೆಕ್ಕ ಬರೆಯಲು ನನ್ನನ್ನು ಕರೆದರು. ಇಪ್ಪತ್ತು ವರ್ಷದ ಹುಡುಗನಿಗೆ ಅದೊಂದು ದೊಡ್ಡ ಗೌರವ. ಎರಡು ವಾರ ಖತಾವಣಿ ಬರೆದು ತಾಳೆಪಟ್ಟಿ ಕೂಡಿದೆ. ಡೆಬಿಟ್ ಕಡೆ 90 ರೂಪಾಯಿ ಹೆಚ್ಚು.

ಮತ್ತೆ ಕೂಡಿದೆ. ತೊಂಬತ್ತೇ. ಹೊರಗೆ ಮಳೆ, ಮಾರನೆಯ ದಿನ ಆಡಳಿತ ಮಂಡಳಿಯ ಸಭೆ, ಸಂಜೆಯ ಕೊನೆಯ ಬಸ್ಸಿಗೆ ಅರ್ಧ ಗಂಟೆ. ಅಂತರ ಒಂಬತ್ತರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿವೆಯೇ ನೋಡಬೇಕೆಂದು ಗುರುಗಳು ತರಗತಿಯಲ್ಲಿ ಹೇಳಿದ್ದರು. ಅಂತರದ ಅರ್ಧ ಮೊತ್ತದ ನಮೂದು ತಪ್ಪು ಬದಿಗೆ ಬಿದ್ದಿದೆಯೇ ಹುಡುಕಬೇಕೆಂದೂ ಹೇಳಿದ್ದರು. ಎರಡೂ ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಹುಡುಕಲು ಹೋದರೆ ಮುನ್ನೂರು ಸದಸ್ಯರ ಖಾತೆ ಮತ್ತೆ ತೆಗೆಯಬೇಕು. ಸಸ್ಪೆನ್ಸ್ ಖಾತೆ ತೆರೆದು 90 ರೂಪಾಯಿಯನ್ನು ಅಲ್ಲಿ ನಿಲ್ಲಿಸಿದ್ದರೂ ಸಾಕಿತ್ತು. ಹಾಗೆ ಮಾಡಿದರೆ ಸಭೆಯಲ್ಲಿ ಇದೇನೆಂದು ಕೇಳುತ್ತಾರೆ, ಕಾಲೇಜು ಓದಿದ ಹುಡುಗನಿಗೆ ಲೆಕ್ಕ ತಾಳೆ ಮಾಡಲು ಬರಲಿಲ್ಲ ಎನ್ನುತ್ತಾರೆ. ನಾನು ಇತರೆ ಉತ್ಪನ್ನ ಎಂಬ ಖಾತೆಗೆ 90 ರೂಪಾಯಿ ಕ್ರೆಡಿಟ್ ಬರೆದೆ. ತಾಳೆಯಾಯಿತು. ಬಸ್ಸೂ ಸಿಕ್ಕಿತು. ಸಭೆಯಲ್ಲಿ ಅಢಾವೆ ಪತ್ರಿಕೆಯನ್ನು ಮೆಚ್ಚಿಕೊಂಡರಂತೆ.

ದೀಪಾವಳಿಗೆ ಹತ್ತು ದಿನವಿರುವಾಗ ಒಬ್ಬ ಹಾಲಕ್ಕಿ ಹೆಂಗಸು ಮಗಳ ಮದುವೆಗೆಂದು ಠೇವಣಿ ಹಿಂತೆಗೆಯಲು ಆ ಸಂಘಕ್ಕೆ ಬಂದಿದ್ದಾಳೆ. ತರಕಾರಿ ಬುಟ್ಟಿ ಹೊತ್ತು ನಮ್ಮ ಪೇಟೆಗೂ ಬರುತ್ತಿದ್ದವಳು. ಅವಳ ಪಾಸ್‌ಪುಸ್ತಕದಲ್ಲಿ 540, ಖತಾವಣಿಯಲ್ಲಿ 450. ಸಂಘದ ಪುಸ್ತಕ ತಾಳೆಯಾಗಿದೆ, ಸಭೆ ಒಪ್ಪಿದೆ, ಆದ್ದರಿಂದ ಪಾಸ್‌ಪುಸ್ತಕದಲ್ಲೇ ತಪ್ಪಾಗಿರಬೇಕು ಎಂದು ಅವಳಿಗೆ ಹೇಳಿ ಕಳಿಸಿದ್ದರು. ಅವಳು ನೇರವಾಗಿ ನಮ್ಮ ಅಂಗಡಿಗೆ ಬಂದಳು, ಪುಸ್ತಕ ಬರೆದವನು ನಾನೆಂದು ಯಾರೋ ಹೇಳಿದ್ದರಂತೆ. ಜಗಳಕ್ಕೇನೂ ಬಂದಿರಲಿಲ್ಲ. "ತಮಾ, ನಂಗೆ ಓದೂಕೆ ಬರೂದಿಲ್ಲ. ನೀ ಒಂದ್ಸಲ ನೋಡಿ ಹೇಳು. ನೀ ಹೇಳಿದ್ದೇ ಲೆಕ್ಕ" ಎಂದು ಪಾಸ್‌ಪುಸ್ತಕವನ್ನು ಸೆರಗಿನಿಂದ ಬಿಡಿಸಿ ನನ್ನ ಕೈಗೆ ಕೊಟ್ಟಳು.

540 ಮತ್ತು 450. ನೋಡಿದ ಕೂಡಲೇ ತಿಳಿಯಿತು. ನಗದು ಪುಸ್ತಕದಲ್ಲಿ ಸರಿಯಾಗಿಯೇ 540 ಇತ್ತು; ಖತಾವಣಿಗೆ ಇಳಿಸುವಾಗ ಐದು ನಾಲ್ಕನ್ನು ನಾನೇ ಅದಲುಬದಲು ಮಾಡಿದ್ದೆ. ಅವಳ 90 ರೂಪಾಯಿ ನನ್ನ ಕೈಯಿಂದಲೇ ಸಂಘದ ಆದಾಯವಾಗಿತ್ತು.

ರಾತ್ರಿ ಅಪ್ಪನಿಗೆ ಹೇಳಿದೆ. ನಮ್ಮ ಪೆಟ್ಟಿಗೆಯಿಂದ 90 ರೂಪಾಯಿ ಅವಳಿಗೆ ಕೊಟ್ಟುಬಿಡೋಣ, ಯಾರಿಗೂ ತಿಳಿಯುವುದಿಲ್ಲ ಎಂದೂ ಹೇಳಿದೆ. ಅಪ್ಪ ಬೈಯಲಿಲ್ಲ. "ದುಡ್ಡು ಕೊಟ್ಟರೆ ಅವಳಿಗೆ ದುಡ್ಡು ಸಿಗ್ತದೆ. ಪುಸ್ತಕದಲ್ಲಿ ಅವಳು ಸುಳ್ಳಿಯಾಗೇ ಉಳೀತಾಳೆ. ಹೋಗಿ ಬರೆದು ಬಾ" ಎಂದರು.

ಹೋದೆ. ಅಲ್ಲಿ ಇನ್ನೊಂದು ತೊಡಕು. ವರ್ಷ ಮುಗಿದು ಇತರೆ ಉತ್ಪನ್ನದ ಖಾತೆ ಲಾಭದಲ್ಲಿ ಕರಗಿಹೋಗಿತ್ತು. ಅದನ್ನು ಇನ್ನು ಡೆಬಿಟ್ ಮಾಡುವಂತಿರಲಿಲ್ಲ. ಲಾಭ-ನಷ್ಟ ಹೊಂದಾಣಿಕೆ ಖಾತೆಗೆ ಖರ್ಚು ಬರೆದು ಅವಳ ಖಾತೆಗೆ ಜಮಾ ಮಾಡಬೇಕು. ಪರೀಕ್ಷೆಯಲ್ಲಿ ಆ ಖಾತೆಯ ಹೆಸರನ್ನು ಎಷ್ಟು ಸಲ ಬರೆದಿದ್ದೆನೋ! ಅದು ಯಾತಕ್ಕೆ ಇರುವುದೆಂದು ತಿಳಿದದ್ದು ಅಂದು, ಕಾರ್ಯದರ್ಶಿಯ ಎದುರು ನಿಂತು ವಿವರಣೆಯ ಸಾಲಿನಲ್ಲಿ ನನ್ನ ತಪ್ಪನ್ನು ನಾನೇ ಬರೆಯುವಾಗ. ಅವಳಿಗೆ ಪೂರ್ತಿ ಹಣ ಸಿಕ್ಕಿತು. ಮದುವೆಗೆ ನಮಗೂ ಕರೆಯಿತ್ತು. ಅಪ್ಪ ಹೋದರು, ನಾನು ಹೋಗಲಿಲ್ಲ.

ಆದ್ದರಿಂದ ನನ್ನ ತಮ್ಮನ ಮಗನಿಗೆ ನನ್ನ ಉತ್ತರವೇನೆಂದರೆ: ಕಂಪ್ಯೂಟರ್ ಖಂಡಿತ ಬೇಕು. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ತಂತ್ರಾಂಶವನ್ನು ಬಲ್ಲದ ಬಿ.ಕಾಂ. ಪದವೀಧರನಿಗೆ ಇಂದು ಕಾರವಾರದಲ್ಲಿಯೂ ಕೆಲಸ ಸಿಗದು, 2017ರಲ್ಲಿ ಜಿ.ಎಸ್.ಟಿ. ಬಂದ ಮೇಲಂತೂ ಕೇಳುವುದೇ ಬೇಡ. ಆದರೆ ಎರಡೂ ಬದಿ ಸಮವಾಗದ ನಮೂದನ್ನು ಯಂತ್ರವು ಸ್ವೀಕರಿಸುವುದೇ ಇಲ್ಲ. ಹೀಗಾಗಿ ಇಂದಿನ ವಿದ್ಯಾರ್ಥಿಗೆ ಆ 90 ರೂಪಾಯಿಯ ಅಂತರ ಎದುರಾಗುವುದೇ ಇಲ್ಲ. ಒಳ್ಳೆಯದೇ ಅಲ್ಲವೇ ಎನ್ನುವಿರಿ. 540ರ ಬದಲು ಎರಡೂ ಬದಿಗೆ 450 ಎಂದು ಒತ್ತಿದರೆ? ಒಬ್ಬಳ ಹಣವನ್ನು ಇನ್ನೊಬ್ಬಳ ಖಾತೆಗೆ ಒತ್ತಿದರೆ? ಯಂತ್ರ ತಕರಾರಿಲ್ಲದೆ ತಾಳೆ ಮಾಡಿಕೊಡುತ್ತದೆ. ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯಲ್ಲವೆಂದು ಪಠ್ಯದಲ್ಲಿಯೇ ಒಂದು ಪುಟವಿದೆ. ನಾಲ್ಕು ಅಂಕದ ಪ್ರಶ್ನೆ ಬರುತ್ತದೆಂದು ಓದುತ್ತಾರೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಢಾವೆ ಪತ್ರಿಕೆಯೂ ವರ್ಷ ವರ್ಷ ತಾಳೆಯಾಗುತ್ತಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು, ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಪತ್ರ ಬರೆದು ಒಪ್ಪಿಕೊಂಡರು. ಬ್ಯಾಂಕಿನ ಶಿಲ್ಕಿಗೂ ನಮ್ಮ ಪುಸ್ತಕದ ಶಿಲ್ಕಿಗೂ ಹೊಂದಾಣಿಕೆ ನೋಡುವುದನ್ನು ನಾವು ಪಿ.ಯು.ಸಿ. ಮಕ್ಕಳಿಗೇ ಕಲಿಸುತ್ತೇವೆ.

ಕೈಯಲ್ಲಿ ಬರೆಯುವುದರಿಂದ ಎಲ್ಲರೂ ಪ್ರಾಮಾಣಿಕರಾಗುತ್ತಾರೆಂದು ನಾನು ಹೇಳುತ್ತಿಲ್ಲ. ನಾನೇ ಕೈಯಲ್ಲಿ ಬರೆದವನು. ನನ್ನ ದೂರು ಬೇರೆ. ಎಕ್ಸ್ ವೈಗಳ ಲೆಕ್ಕ ಬಿಡಿಸಿದ ವಿದ್ಯಾರ್ಥಿಗೆ ಅಂಕಿಯ ಹಿಂದೆ ಯಾರೋ ಒಬ್ಬರು ಸೆರಗಿನ ತುದಿಯಲ್ಲಿ ಪಾಸ್‌ಪುಸ್ತಕ ಕಟ್ಟಿಕೊಂಡಿದ್ದಾರೆಂಬುದು ಹೊಳೆಯುವುದಿಲ್ಲ. ಎರಡನೆಯ ವರ್ಷದ ಪ್ರತಿ ವಿದ್ಯಾರ್ಥಿಯೂ ಒಂದು ನಿಜವಾದ ಪುಸ್ತಕದ ಜೊತೆ ಒಂದು ವರ್ಷ ಕಳೆಯಬೇಕು. ಊರಿನ ಸ್ತ್ರೀಶಕ್ತಿ ಸಂಘದ್ದಾಗಲಿ, ಹಾಲಿನ ಸೊಸೈಟಿಯದಾಗಲಿ, ಚಿಕ್ಕಪ್ಪನ ಅಂಗಡಿಯದಾಗಲಿ. ವರ್ಷದ ಕೊನೆಗೆ ಆ ಸಂಘದವರ ಮುಂದೆ ಅವರ ಭಾಷೆಯಲ್ಲಿ, ಜಮಾ ಖರ್ಚು ಶಿಲ್ಕು ಎಂಬ ಮಾತುಗಳಲ್ಲಿ, ಅದನ್ನು ವಿವರಿಸಬೇಕು. ಅದಕ್ಕೆ ಅರ್ಧ ಅಂಕ ಇಡಬೇಕು. ಪದವಿಯನ್ನು ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷಕ್ಕೆ ಏರಿಸಿದರು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿದರು. ಇಷ್ಟು ಏರಿಳಿತದ ನಡುವೆ ಇದನ್ನೂ ಸೇರಿಸಲು ಎಲ್ಲಿಯೋ ಜಾಗವಿತ್ತು.

ಸವಕಳಿಯ ವಿಷಯವನ್ನೂ ಹೇಳದೆ ಮುಂದೆ ಹೋಗಲಾರೆ. ಕಾರವಾರದ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು, ಒಂದು ಲಾರಿ ನೀರಿಗೆ ಬಿತ್ತು, ಚಾಲಕ ದೇವರ ದಯದಿಂದ ಬದುಕಿದ. ಕಿರಾಣಿ ಅಂಗಡಿಯ ತಕ್ಕಡಿಗೂ ವರ್ಷಕ್ಕಿಷ್ಟು ಸವಕಳಿ ಬರೆಯಬೇಕೆಂದು ನಾವು ಕಲಿಯುತ್ತೇವೆ. ಸರ್ಕಾರದ ಲೆಕ್ಕವಾದರೋ ಇಂದಿಗೂ ಬಹುಮಟ್ಟಿಗೆ ನಗದು ಆಧಾರದ್ದು. ಕಟ್ಟಿದ ವರ್ಷ ಖರ್ಚು ಬರೆದರೆ ಮುಗಿಯಿತು, ಸೇತುವೆ ಸವೆಯುತ್ತಿದೆಯೆಂದು ಹೇಳುವ ಸಾಲು ಆ ಪುಸ್ತಕದಲ್ಲಿಲ್ಲ.

ಈಗ ಆ ಬಸ್ಸಿನ ದಾರಿಯ ಊರುಗಳು. 1986ರಲ್ಲಿ ರಾಜೀವ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅರ್ಗಾ, ಬಿಣಗಾ, ಚೆಂಡಿಯಾ ಮೊದಲಾದ ಊರುಗಳ ಜನ ಮನೆ, ಗದ್ದೆ, ಕಡಲದಂಡೆ ಬಿಟ್ಟು ಏಳಬೇಕಾಯಿತು. 2005ರಲ್ಲಿ ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡುವವರೆಗೂ, ಆಮೇಲೂ, ಪರಿಹಾರ ಹೆಚ್ಚಿಸಬೇಕೆಂದು ಅವರು ಕೋರ್ಟು ಕಚೇರಿ ಅಲೆದರು. ಅಷ್ಟರಲ್ಲಿ ನಾನು ಮಾಸ್ತರನಾಗಿದ್ದೆ. ಆ ಕುಟುಂಬಗಳ ಮಕ್ಕಳು ನನ್ನ ತರಗತಿಯಲ್ಲಿದ್ದರು. ಪರಿಹಾರದ ಹಣ ಕಂತು ಕಂತಾಗಿ ಬಂದಾಗ ಕೆಲವರು ಅದನ್ನು ಆದಾಯವೆಂದು ತಿಳಿದರು. ಅದು ಆದಾಯವಲ್ಲ, ಗದ್ದೆಯೇ ನೋಟಿನ ರೂಪದಲ್ಲಿ ಬಂದಿದೆ. ಅದರ ಬಡ್ಡಿ ಮಾತ್ರ ಆದಾಯ. ಬಂಡವಾಳದ ಜಮೆಗೂ ಆದಾಯದ ಜಮೆಗೂ ಇರುವ ವ್ಯತ್ಯಾಸವನ್ನು ನಾನು ಹದಿನಾರು ಅಂಕಕ್ಕೆ ಉದಾಹರಣೆ ಸಹಿತ ಬರೆದವನು. ಪರಿಹಾರ ಕಡಿಮೆಯಾಯಿತೆಂಬುದು ದೊಡ್ಡ ಅನ್ಯಾಯ, ಅದಕ್ಕೆ ಅವರು ಹೊಣೆಯಲ್ಲ. ಆದರೆ ಕೈಗೆ ಬಂದ ಅಷ್ಟನ್ನಾದರೂ ಹೇಗೆ ನೋಡಬೇಕೆಂದು ಒಂದು ಶನಿವಾರ ಸಂಜೆ ಪಾಲಕರನ್ನು ಶಾಲೆಗೆ ಕರೆದು ಹೇಳಬಹುದಿತ್ತು. ನಾನು ಆ ವರ್ಷಗಳಲ್ಲಿ ಮಕ್ಕಳಿಗೆ ಪಾಣಿಪತ್ತಿನ ಮೂರು ಯುದ್ಧಗಳ ಇಸವಿ ಬಾಯಿಪಾಠ ಮಾಡಿಸುತ್ತಿದ್ದೆ. ಆ ಮಕ್ಕಳಲ್ಲಿ ಕೆಲವರು ಇದನ್ನು ಓದುತ್ತಿರಬಹುದು. ಅವರಿಗೆ ಇದು ತಡವಾಗಿ ಬಂದ ಮಾತು, ಬಲ್ಲೆ.

ಮೊಮ್ಮಗಳು ಈ ಭಾನುವಾರ ಬಂದಿದ್ದಳು. ಲ್ಯಾಪ್‌ಟಾಪ್ ಬದಿಗಿಡಿಸಿ ನನ್ನ ಪಿಂಚಣಿಯ ಪಾಸ್‌ಪುಸ್ತಕವನ್ನೂ ನಾನು ಬರೆದಿಟ್ಟ ವಹಿಯನ್ನೂ ಅವಳ ಮುಂದಿಟ್ಟೆ. 236 ರೂಪಾಯಿ ಅಂತರ. ಅವಳು ಒಂಬತ್ತರಿಂದ ಭಾಗಿಸಿ ನೋಡಿದಳು, ಆಗಲಿಲ್ಲ. ಅರ್ಧ ಮಾಡಿ 118 ಹುಡುಕಿದಳು, ಸಿಗಲಿಲ್ಲ. ಆಮೇಲೆ ಪಾಸ್‌ಪುಸ್ತಕವನ್ನು ಸಾಲು ಸಾಲಾಗಿ ಬೆರಳಿಟ್ಟು ಓದುತ್ತಾ ಹೋಗಿ ಒಂದು ಕಡೆ ನಿಂತಳು. "ಅಜ್ಜಾ, ಎರಡು ನೂರು, ಅದರ ಮೇಲೆ ಹದಿನೆಂಟು ಪರ್ಸೆಂಟ್ ಜಿ.ಎಸ್.ಟಿ. ಎ.ಟಿ.ಎಂ. ಕಾರ್ಡಿನ ವರ್ಷದ ಶುಲ್ಕ ಕಡಿದಿದ್ದಾರೆ. ನೀವು ಬರೆದುಕೊಂಡೇ ಇಲ್ಲ."

ಬರೆದುಕೊಂಡೆ. ಮುಂದಿನ ವಾರ ಅವಳು ನಮ್ಮ ಓಣಿಯ ಸ್ತ್ರೀಶಕ್ತಿ ಸಂಘದ ಪುಸ್ತಕ ನೋಡಲು ಹೋಗುವವಳಿದ್ದಾಳೆ.